ಬಾಲ್ ಅವರಿಗೆ ಬಿಡಿ, ನೀವು ಬೇಸ್ ಕಾಯಿರಿ: ಧಾರವಾಡದಲ್ಲಿ ಎರಡು ದಿನ ಸಾಫ್ಟ್‌ಬಾಲ್ ಫೋಟೊ ತೆಗೆದ ಕಥೆ

ಟೂರ್ನಮೆಂಟ್ ನಡೆದದ್ದು ಶನಿವಾರ, ರವಿವಾರ, ಎರಡೇ ದಿನ. ಅದರ ಫೋಟೊ ಕೆಲಸ ಪೂರ್ತಿ ಮುಗಿಯಲು ನನಗೆ ಹಿಡಿದದ್ದು 23 ದಿನ. ನಿನ್ನೆ ಕೊನೆಯ ಪೆನ್‌ಡ್ರೈವ್ ಕೊಟ್ಟು ಬಂದೆ. ಮುಂದೆ ಯಾರಾದರೂ ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಕೆಲಸ ಒಪ್ಪಿಕೊಂಡರೆ ನನ್ನಷ್ಟು ಒದ್ದಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಅಕೌಂಟ್ಸ್ ಕೆಲಸ ಮಾಡುವವನು. ಮದುವೆ ಸೀಸನ್‌ನಲ್ಲಿ ಗೆಳೆಯನ ಜೊತೆ ಎರಡನೇ ಕ್ಯಾಮೆರಾ ಹಿಡಿಯುತ್ತೇನೆ. ಆಟದ ಫೋಟೊ ಅಂದರೆ ಓಣಿಯ ಟೆನಿಸ್ ಬಾಲ್ ಕ್ರಿಕೆಟ್ ಫೈನಲ್ ಒಂದು ಸಲ ತೆಗೆದಿದ್ದೆ, ಅಷ್ಟೇ. ಸಾಫ್ಟ್‌ಬಾಲ್ ಕಣ್ಣಿಂದ ನೋಡಿಯೇ ಇರಲಿಲ್ಲ.

ಜನವರಿ ಕೊನೆಗೆ ಅಕ್ಕನ ಫೋನು ಬಂತು. "ನಿನ್ನ ಸೊಸಿ ಕ್ಯಾಚರ್ ಆಗ್ಯಾಳ. ಅವರ ಕೋಚ್ ಫೋಟೊದವರನ್ನ ಹುಡುಕಾಕತ್ತಾರ. ಮದುವಿ ಫೋಟೊ ತಗೀತಿಯಲ್ಲ, ಇದೂ ಹಂಗ. ಅದರಾಗೇನೈತಿ?"

ಸೊಸೆ ಅಂದರೆ ಅಕ್ಕನ ಮಗಳು. ಕ್ಯಾಚರ್ ಅಂದರೆ ಕ್ರಿಕೆಟ್ಟಿನ ವಿಕೆಟ್ ಕೀಪರ್ ಹಾಗೆ ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವವಳು. ಅದರಾಗ ಬಹಳ ಐತಿ ಅಂತ ಆಮೇಲೆ ಗೊತ್ತಾಯಿತು.

ಕಮಿಟಿಯವರು 6,000 ರೂಪಾಯಿ ಕೊಡುತ್ತೇವೆ ಅಂದರು. ಹುಡುಗರ 8 ತಂಡ, ಹುಡುಗಿಯರ 6 ತಂಡ, ಒಂದೇ ಮೈದಾನ, ಒಟ್ಟು 14 ಪಂದ್ಯ. ಮೊದಲ ತಪ್ಪು ಅಲ್ಲೇ ಮಾಡಿದೆ. ಎಷ್ಟು ಫೋಟೊ, ಯಾವಾಗ, ಯಾರಿಗೆ ಕೊಡಬೇಕು ಅಂತ ಕೇಳಲೇ ಇಲ್ಲ. ನೀವು ಕೇಳಿ, ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. "ಎಲ್ಲಾ ಆಟಗಾರರದ್ದೂ ಒಂದೊಂದು ಚಲೋ ಫೋಟೊ ಬೇಕ್ರಿ" ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಎರಡನೇ ದಿನ ಮಧ್ಯಾಹ್ನ.

ನನ್ನ ಹತ್ತಿರ ಇರುವುದು ಕ್ಯಾನನ್ 200ಡಿ ಮಾರ್ಕ್ 2. ಜೊತೆಗೆ 55-250 ಲೆನ್ಸ್. ಬೆಳಗಿನ ಬಿಸಿಲಿಗೆ ಅದು ಸಾಕು. ಆದರೆ ಫೈನಲ್ ಸಂಜೆ 5ರ ಮೇಲೆ ಅಂದಿದ್ದರಿಂದ ಕಡಿಮೆ ಬೆಳಕಿಗೂ ಸಾಲುವ 70-200, ಎಫ್ 2.8 ಲೆನ್ಸ್ ಬಾಡಿಗೆ ಹಿಡಿದೆ. ದಿನಕ್ಕೆ 900, ಎರಡು ದಿನಕ್ಕೆ 1,800. ಡಿಪಾಸಿಟ್ ಬೇರೆ 10,000. ಆಧಾರ್ ಝೆರಾಕ್ಸ್, ಪ್ಯಾನ್ ಝೆರಾಕ್ಸ್, ಒಂದು ಫಾರ್ಮಿಗೆ ಸಹಿ. ಅಂಗಡಿ ಬಿಡುವ ಮುಂಚೆ ಲೆನ್ಸಿನ ಮುಂದಿನ ಗಾಜು, ಹಿಂದಿನ ಗಾಜು, ಮೈಮೇಲಿನ ಗೀರು, ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಇದೊಂದು ಜಾಣತನ ಹೇಗೋ ಮಾಡಿದ್ದೆ. ವಾಪಸ್ ಕೊಡುವಾಗ "ಈ ಗೀರು ಹೊಸಾದು" ಅಂದರು. ಮೊಬೈಲ್ ತೋರಿಸಿದೆ, ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ಕಾಗದದ ಕೆಲಸ ಶುಕ್ರವಾರ ಸಂಜೆ ಗೊತ್ತಾಯಿತು. ಹುಡುಗಿಯರ ತಂಡಗಳಲ್ಲಿ ಹೈಸ್ಕೂಲು ಮಕ್ಕಳೂ ಇದ್ದರು. 18 ತುಂಬದವರ ಫೋಟೊ ತೆಗೆದು ಹಂಚಬೇಕಾದರೆ ಮನೆಯವರ ಒಪ್ಪಿಗೆ ಪತ್ರ ಬೇಕು, ಅದು ತಂಡದ ಮ್ಯಾನೇಜರ್ ಮೂಲಕ ಬರಬೇಕು ಅಂತ ಮೈದಾನದ ಕಾಲೇಜಿನವರು ಹೇಳಿದರು. ನ್ಯಾಯವಾದ ಮಾತೇ. ಆದರೆ ಹಿಂದಿನ ಸಂಜೆ ಹೇಳಿದರೆ ಏನು ಮಾಡುವುದು? ರಾತ್ರಿ ಕೂತು ಒಂದು ಪುಟದ ಕನ್ನಡ ಪತ್ರ ಬರೆದು 90 ಪ್ರತಿ ತೆಗೆಸಿದೆ. ಶನಿವಾರ ಸಂಜೆಯ ಹೊತ್ತಿಗೆ ಐದು ತಂಡದ್ದು ಬಂತು. ಆರನೆಯದು ರವಿವಾರ ಊಟದ ಹೊತ್ತಿಗೆ ಬಂತು. ಅಲ್ಲಿವರೆಗೆ ಆ ತಂಡದ ಮಕ್ಕಳ ಕಡೆಗೆ ಕ್ಯಾಮೆರಾ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ 6ಕ್ಕೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿದೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಗೆಳೆಯನ ಮಾನೊಪಾಡ್, ಅಂದರೆ ಕ್ಯಾಮೆರಾಕ್ಕೆ ಆಸರೆಯಾಗುವ ಒಂಟಿ ಕೋಲು. ಏಳೂವರೆಗೆ ಮೊದಲ ಪಂದ್ಯ ಅಂದಿದ್ದರು. ಏಳಕ್ಕೆ ಹೋದರೆ ಮೈದಾನದಲ್ಲಿ ಇನ್ನೂ ಸುಣ್ಣದ ಗೆರೆ ಹಾಕುತ್ತಿದ್ದರು. ಹುರಿ ಹಿಡಿದು ಒಬ್ಬ ಆ ಕಡೆ, ಒಬ್ಬ ಈ ಕಡೆ. ಚೌಕದ ನಾಲ್ಕು ಮೂಲೆಗಳೇ ಬೇಸ್. ಬ್ಯಾಟರ್ ನಿಲ್ಲುವ ಮೂಲೆ ಹೋಮ್ ಪ್ಲೇಟ್, ಅಲ್ಲಿಂದ ಓಡುವ ಸುತ್ತಿನಲ್ಲಿ ಫಸ್ಟ್, ಸೆಕೆಂಡ್, ಥರ್ಡ್. ಬೇಸಿನಿಂದ ಬೇಸಿಗೆ 60 ಅಡಿ. ಕ್ರಿಕೆಟ್ ಪಿಚ್ 66 ಅಡಿ ಉದ್ದ, ಅಂದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಬಾಲ್ ಎಸೆಯುವ ಜಾಗ ಇನ್ನೂ ಹತ್ತಿರ. ಗಂಡಸರಿಗೆ 46 ಅಡಿ, ಹೆಂಗಸರಿಗೆ 43 ಅಡಿ. ಈ ಅಂಕಿಗಳನ್ನು ಆಗ ಸುಮ್ನೆ ಕೇಳಿಸಿಕೊಂಡೆ. ಪಂದ್ಯ ಶುರುವಾದ ಮೇಲೆ ಅವುಗಳ ಅರ್ಥ ತಿಳಿಯುತ್ತದೆ ಅಂತ ಗೊತ್ತಿರಲಿಲ್ಲ.

ಗೆರೆ ಮುಗಿಯಿತು. ತಂಡಗಳು ಸಾಲಾಗಿ ನಿಂತವು. ಮುಖ್ಯ ಅತಿಥಿಗಳು ಬರಲಿಲ್ಲ. ಎಂಟಾಯಿತು, ಎಂಟೂವರೆ ಆಯಿತು. ಮಕ್ಕಳು ನಿಂತಲ್ಲೇ ಕೂತರು. ಉಪ್ಪಿಟ್ಟು, ಶಿರಾ ತಿಂದೆವು. ಒಂಬತ್ತಕ್ಕೆ ಅತಿಥಿಗಳು ಬಂದರು, ಬ್ಯಾಟ್ ಹಿಡಿದು ಒಂದು ಬಾಲ್ ಹೊಡೆಯುವ ಹಾಗೆ ಪೋಸ್ ಕೊಟ್ಟರು, ಭಾಷಣ ಮಾಡಿದರು. ಚಲೋ ಬೆಳಕಿನ ಎರಡು ತಾಸು ಅಲ್ಲೇ ಹೋಯಿತು. ನೀವಾದರೆ ಆ ಹೊತ್ತನ್ನು ಸುಮ್ನೆ ಕಳೆಯಬೇಡಿ. ಪ್ರತಿ ತಂಡವನ್ನೂ ಜರ್ಸಿ ನಂಬರ್ ಕಾಣುವ ಹಾಗೆ ನಿಲ್ಲಿಸಿ, ಟೋಪಿ ತೆಗೆಸಿ, ಒಂದು ಗ್ರೂಪ್ ಫೋಟೊ ಹೊಡೆದಿಟ್ಟುಕೊಳ್ಳಿ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಸೊಸೆ ಹತ್ತು ನಿಮಿಷದಲ್ಲಿ ಆಟ ಕಲಿಸಿದಳು. ಒಂಬತ್ತು ಜನ ಫೀಲ್ಡಿಗೆ. ಕೈ ಕೆಳಗಿನಿಂದ ಬಾಲ್ ಎಸೆಯಬೇಕು. ಬ್ಯಾಟರ್ ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯುವಂಥ ಎಸೆತವನ್ನು ಸುಮ್ನೆ ಬಿಟ್ಟರೆ ಸ್ಟ್ರೈಕ್. ಹೊಡೆಯುವಂತಿಲ್ಲದ ಎಸೆತವನ್ನು ಬಿಟ್ಟರೆ ಅದಕ್ಕೆ 'ಬಾಲ್' ಅಂತಲೇ ಹೆಸರು. ಮೂರು ಸ್ಟ್ರೈಕ್ ಆದರೆ ಔಟು, ನಾಲ್ಕು ಬಾಲ್ ಆದರೆ ಸುಮ್ನೆ ಫಸ್ಟ್ ಬೇಸಿಗೆ ನಡೆದುಕೊಂಡು ಹೋಗಬಹುದು. ಏಳು ಇನ್ನಿಂಗ್ಸ್ ಇರುವ ಆಟ. ಇಲ್ಲಿ ಹೊತ್ತು ಸಾಲದು ಅಂತ ಐದಕ್ಕೆ ಇಳಿಸಿದ್ದರು. "ಹೆಸರು ಸಾಫ್ಟ್ ಐತಿ ಮಾಮಾ, ಬಾಲ್ ಸಾಫ್ಟ್ ಇಲ್ಲ" ಅಂತ ನನ್ನ ಕೈಗೆ ಬಾಲ್ ಕೊಟ್ಟಳು. ಹಳದಿ ಬಣ್ಣ, ಸುತ್ತಳತೆ 12 ಇಂಚು, ತೂಕ ಸುಮಾರು 180ರಿಂದ 200 ಗ್ರಾಂ. ಕ್ರಿಕೆಟ್ ಬಾಲಿಗಿಂತ ದೊಡ್ಡದು, ಭಾರವೂ ಜಾಸ್ತಿ. 1887ರಲ್ಲಿ ಶಿಕಾಗೋದ ಒಂದು ಕ್ಲಬ್ಬಿನ ಹಾಲ್ ಒಳಗೆ ಬಾಕ್ಸಿಂಗ್ ಗ್ಲೌಸನ್ನೇ ಬಾಲಿನ ಹಾಗೆ ಕಟ್ಟಿ ಈ ಆಟ ಶುರು ಮಾಡಿದರಂತೆ. ಸಾಫ್ಟ್ ಅನ್ನುವ ಹೆಸರು ಆ ಗ್ಲೌಸಿಗೆ ಒಪ್ಪೀತು, ಈ ಬಾಲಿಗೆ ಒಪ್ಪುವುದಿಲ್ಲ.

ಪಂದ್ಯ ಶುರುವಾಯಿತು. ನಾನು ಫಸ್ಟ್ ಬೇಸಿನ ನೇರ ಹಿಂದೆ, ಹಗ್ಗದ ಹತ್ತಿರ ಕೂತೆ. ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಎರಡನೇ ಬ್ಯಾಟರ್ ಓಡಿ ಬಂದಾಗ ಥ್ರೋ ತಪ್ಪಿತು. ಬಾಲ್ ನನ್ನ ಮೊಣಕಾಲಿನ ಪಕ್ಕ ಬಡಿದು ಹಾರಿತು. ಎದುರಿನ ತಂಡದ ಕೋಚ್ ಕೂಗಿದರು. "ಸರ, ಅಲ್ಲೆ ಕೂಡಬ್ಯಾಡ್ರಿ! ತಪ್ಪಿದ ಥ್ರೋ ಎಲ್ಲಾ ಅಲ್ಲೇ ಬರತಾವು!" ಫಸ್ಟ್ ಬೇಸಿನ ನೇರಕ್ಕೆ ಯಾವತ್ತೂ ನಿಲ್ಲಬೇಡಿ. ಗೆರೆಯಿಂದ 20-25 ಅಡಿ ಹೊರಗೆ, ಫಸ್ಟ್ ಬೇಸ್ ಮತ್ತು ಹೋಮ್ ಪ್ಲೇಟ್ ನಡುವೆ ನಿಲ್ಲಿ. ಒಂದು ಕಣ್ಣು ವ್ಯೂಫೈಂಡರಿನಲ್ಲಿ ಇದ್ದರೂ ಇನ್ನೊಂದನ್ನು ಮುಚ್ಚಬೇಡಿ.

ಎಲ್ಲಿ ನಿಲ್ಲಬೇಕು ಅನ್ನೋದಕ್ಕೆ ಸೂರ್ಯನ ಲೆಕ್ಕವೂ ಇದೆ. ಇಲ್ಲಿ ಹೋಮ್ ಪ್ಲೇಟ್ ಪಶ್ಚಿಮಕ್ಕೆ ಇತ್ತು. ಹಾಗಾದರೆ ಫಸ್ಟ್ ಬೇಸಿನ ಬದಿ ದಕ್ಷಿಣ, ಥರ್ಡ್ ಬೇಸಿನ ಬದಿ ಉತ್ತರ. ಫೆಬ್ರವರಿಯಲ್ಲಿ ನಮ್ಮ ಕಡೆ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಮಧ್ಯಾಹ್ನದವರೆಗೆ ಫಸ್ಟ್ ಬೇಸಿನ ಬದಿಗೆ ನಿಂತರೆ ಬಿಸಿಲು ನಿಮ್ಮ ಬೆನ್ನಿಗೆ. ಬಲಗೈ ಬ್ಯಾಟರ್‌ನ ಮುಖ, ಎದೆ ಎರಡೂ ಆ ಕಡೆಗೇ ತಿರುಗಿರುತ್ತವೆ. ಎಡಗೈಯವರು ಬಂದಾಗ ಮಾತ್ರ ಬರೀ ಬೆನ್ನು ಸಿಗುತ್ತದೆ.

ಮೊದಲ ಪಂದ್ಯದ ಫೋಟೊಗಳನ್ನು ಆಮೇಲೆ ನೋಡಿದರೆ ನಗು ಬರುತ್ತದೆ. ಬ್ಯಾಟ್ ಬೀಸಿ ಆಗಿದೆ, ಬಾಲ್ ಇಲ್ಲ. ಬಾಲ್ ಇದೆ, ಬ್ಯಾಟ್ ಇನ್ನೂ ಹೆಗಲ ಮೇಲಿದೆ. ಉಳಿದವುಗಳಲ್ಲಿ ಆಕಾಶ. 43 ಅಡಿಯಿಂದ ಬರುವ ಬಾಲಿಗೆ ಬ್ಯಾಟರ್‌ಗೇ ಅರ್ಧ ಸೆಕೆಂಡು ಸಿಗುವುದು ಕಷ್ಟ. ನನ್ನ ಕ್ಯಾಮೆರಾ ಸೆಕೆಂಡಿಗೆ 5 ಫೋಟೊ ತೆಗೆಯುತ್ತದೆ. ಒತ್ತಿ ಹಿಡಿದರೆ ಸಿಕ್ಕೀತು ಅನ್ನುವುದು ಭ್ರಮೆ. ಬಾಲ್ ಎಸೆಯುವ ಪಿಚರ್‌ನ ಕೈ ಒಂದು ಪೂರ್ತಿ ಸುತ್ತು ತಿರುಗಿ ತೊಡೆಯ ಪಕ್ಕ ಬರುತ್ತದಲ್ಲ, ಬಾಲ್ ಬಿಡುವುದು ಅಲ್ಲಿ. ಆ ಗಳಿಗೆಗೆ ಒಂದೇ ಸಲ ಒತ್ತಿದರೆ ಪಿಚರ್ ಫೋಟೊ ಬರುತ್ತದೆ. ಬ್ಯಾಟರ್ ಫೋಟೊ ಬೇಕಾದರೆ ಆಕೆ ಮುಂದಿನ ಕಾಲು ಊರುವುದನ್ನು ನೋಡಿ ಒತ್ತಬೇಕು. ಅಲ್ಯೂಮಿನಿಯಂ ಬ್ಯಾಟಿನ ಟಣ್ ಅನ್ನೋ ಸದ್ದು ಕೇಳಿ ಒತ್ತಿದರೆ ತಡವಾಯಿತು ಅಂತಲೇ ಲೆಕ್ಕ.

ಶಟರ್ ಮೊದಲು 1/640 ಇಟ್ಟಿದ್ದೆ. ಮುಖ ಸ್ಪಷ್ಟ, ಕೈ ಮತ್ತು ಬ್ಯಾಟು ಹೊಗೆಯ ಹಾಗೆ. 1/1600ಕ್ಕೆ ಏರಿಸಿದ ಮೇಲೆ ಸರಿಯಾಯಿತು. ರಾ ಫೈಲ್, ಅಂದರೆ ಬಹಳ ಜಾಗ ತಿನ್ನುವ ದೊಡ್ಡ ಫೈಲ್, ಇಟ್ಟದ್ದು ಇನ್ನೊಂದು ತಪ್ಪು. ಹತ್ತು ಫೋಟೊ ಆಗುತ್ತಲೇ ಕ್ಯಾಮೆರಾ ಉಸಿರು ಹಿಡಿದು ನಿಲ್ಲುತ್ತಿತ್ತು. ಊಟಕ್ಕೆ ಮುಂಚೆಯೇ 64 ಜಿಬಿ ಕಾರ್ಡ್ ಭರ್ತಿ. ಬಿಸಿಲಲ್ಲಿ ಸುಭಾಸ ರೋಡಿಗೆ ಹೋಗಿ ಇನ್ನೊಂದು ಕಾರ್ಡ್ ತಂದೆ, 1,100. ಆ ಹೊತ್ತಿನಲ್ಲಿ ನಡೆದ ಪಂದ್ಯದಲ್ಲಿ ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲಾ ಬೇಸ್ ಸುತ್ತಿ ಬರುವುದು) ಆಯಿತಂತೆ. ಎರಡು ದಿನದಲ್ಲಿ ಆದದ್ದು ಅದೊಂದೇ ಹೋಮ್ ರನ್ನು. ಈಗಲೂ ಆ ಹುಡುಗ ಸಿಕ್ಕಾಗೆಲ್ಲ ಕೇಳುತ್ತಾನೆ, "ಅಣ್ಣಾ, ನಂದು ಹೋಮ್ ರನ್?"

ಮಧ್ಯಾಹ್ನ ಇನ್ನೊಂದು ಪೆಟ್ಟು. ಬ್ಯಾಟರ್ ಮೂರನೇ ಸ್ಟ್ರೈಕಿಗೆ ಬೀಸಿ ತಪ್ಪಿದಳು. ಔಟಾಯಿತು ಅಂತ ಕ್ಯಾಮೆರಾ ಇಳಿಸಿ ನೀರು ಕುಡಿಯತೊಡಗಿದೆ. ನೋಡಿದರೆ ಆಕೆ ಫಸ್ಟ್ ಬೇಸಿಗೆ ಓಡುತ್ತಿದ್ದಾಳೆ, ಎಲ್ಲರೂ ಕೂಗುತ್ತಿದ್ದಾರೆ! ಮೂರನೇ ಸ್ಟ್ರೈಕಿನ ಬಾಲನ್ನು ಕ್ಯಾಚರ್ ಹಿಡಿಯದೆ ಬಿಟ್ಟರೆ, ಫಸ್ಟ್ ಬೇಸ್ ಖಾಲಿ ಇದ್ದಾಗ ಬ್ಯಾಟರ್ ಓಡಬಹುದು. ಎರಡು ಔಟ್ ಆಗಿದ್ದರೆ ಅಲ್ಲಿ ಯಾರಾದರೂ ಇದ್ದರೂ ಓಡಬಹುದು. ಬಾಲ್ ಬಿಟ್ಟ ಕ್ಯಾಚರ್ ನಮ್ಮ ಸೊಸೆಯೇ. ಆಕೆಯ ಮುಖ ಸಪ್ಪಗಾಗಿತ್ತು. ನನ್ನದೂ ಹಾಗೇ.

ಸಂಜೆ ಗಿರ್ಮಿಟ್, ಮಿರ್ಚಿ ತಿನ್ನುತ್ತಾ ಕ್ಯಾಮೆರಾದ ಪರದೆಯಲ್ಲಿ ಆಕೆಗೆ ಫೋಟೊ ತೋರಿಸಿದೆ. ಒಂದೊಂದೇ ಸರಿಸಿ ನೋಡಿದಳು. ಆಮೇಲೆ ಹೇಳಿದಳು. "ಮಾಮಾ, ನೀ ಬಾಲ್ ಹಿಂದ ಓಡಾಕತ್ತಿ. ಬಾಲ್ ನಮಗ ಬಿಡು. ನೀ ಬೇಸ್ ಕಾಯಿ."

ಆಕೆ ಹೇಳಿಕೊಟ್ಟ ಸೂಕ್ಷ್ಮ ಇದು. ಪಿಚರ್ ಕೈಯಿಂದ ಬಾಲ್ ಬಿಡುವವರೆಗೆ ರನ್ನರ್ ಬೇಸ್ ಬಿಡುವ ಹಾಗಿಲ್ಲ. ಹಾಗಾಗಿ ಬೇಸ್ ಕದಿಯಬೇಕು, ಅಂದರೆ ಬ್ಯಾಟರ್ ಹೊಡೆಯುವುದನ್ನು ಕಾಯದೆ ಮುಂದಿನ ಬೇಸಿಗೆ ಓಡಬೇಕು ಅಂತಿರುವವರು ಮೊದಲೇ ಗೊತ್ತಾಗುತ್ತಾರೆ. ಒಂದು ಕಾಲು ಬೇಸಿನ ಅಂಚಿಗೆ ಒತ್ತಿ, ಮೈ ಮುಂದಕ್ಕೆ ಬಾಗಿಸಿ, ಬಿಲ್ಲಿನ ಹಾಗೆ ನಿಂತಿರುತ್ತಾರೆ. ಅದು ಕಂಡ ಕೂಡಲೇ ಪಿಚರ್, ಬ್ಯಾಟರ್ ಎಲ್ಲರನ್ನೂ ಮರೆತು ಸೆಕೆಂಡ್ ಬೇಸಿಗೆ ಫೋಕಸ್ ಹಾಕಿ ಕಾಯಬೇಕು. ರನ್ನರ್ ಅಲ್ಲಿಗೇ ಬರಬೇಕು, ಬಾಲೂ ಅಲ್ಲಿಗೇ ಬರಬೇಕು, ಇಬ್ಬರ ಜಗಳ ಆಗುವುದೂ ಅಲ್ಲೇ. ಫಸ್ಟ್ ಬೇಸಿನಲ್ಲಿ ಸ್ಲೈಡ್ (ನೆಲದ ಮೇಲೆ ಜಾರಿ ಬೇಸ್ ಮುಟ್ಟುವುದು) ಕಡಿಮೆ, ಓಡಿ ದಾಟಿ ಹೋಗಬಹುದು. ಡಿಕ್ಕಿ ಆಗಬಾರದು ಅಂತ ಅಲ್ಲಿ ಬಿಳಿ, ಕಿತ್ತಳೆ ಎರಡು ಬಣ್ಣದ ಜೋಡಿ ಬೇಸ್ ಇಟ್ಟಿರುತ್ತಾರೆ. ಸ್ಲೈಡ್ ಬೇಕಾದರೆ ಸೆಕೆಂಡ್, ಥರ್ಡ್, ಇಲ್ಲವೇ ಹೋಮ್.

ಕದಿಯುವವರ ಮುಖ ಬೇಕಾದರೆ ಥರ್ಡ್ ಬೇಸಿನ ಬದಿಗೆ ಹೋಗಬೇಕು. ಫಸ್ಟ್ ಬೇಸ್ ಕಡೆಯಿಂದ ಅವರ ಬೆನ್ನಷ್ಟೇ ಕಾಣುತ್ತದೆ. ಆದರೆ ಬೆಳಿಗ್ಗೆ ಅಲ್ಲಿ ನಿಂತರೆ ಬಿಸಿಲು ನಿಮ್ಮ ಕಣ್ಣಿಗೆ. ಅದಕ್ಕೇ ರವಿವಾರ ಮೂರು ಗಂಟೆಯವರೆಗೆ ಫಸ್ಟ್ ಬೇಸ್ ಬದಿಗೆ ಬ್ಯಾಟರ್, ಪಿಚರ್ ಫೋಟೊ ಮುಗಿಸಿದೆ. ಸೂರ್ಯ ಪಶ್ಚಿಮಕ್ಕೆ ಇಳಿದ ಮೇಲೆ ಥರ್ಡ್ ಬೇಸ್ ಬದಿಗೆ ಜಾಗ ಬದಲಿಸಿದೆ. ಆ ಸಂಜೆ ಸಿಕ್ಕ ಸ್ಲೈಡ್‌ಗಳು ನೋಡಬೇಕು. ಧಾರವಾಡದ ಕೆಂಪು ಮಣ್ಣು ಎದ್ದು, ಅದರ ಮೇಲೆ ಇಳಿಬಿಸಿಲು ಬಿದ್ದು, ನಡುವೆ ಒಂದು ಕಾಲು, ಒಂದು ಗ್ಲೌಸು. ನನ್ನದೇ ಫೋಟೊ ಹೌದೋ ಅಲ್ಲವೋ ಅನ್ನಿಸಿತು.

ಆ ಕೆಂಪು ಮಣ್ಣಿಗೆ ಬೆಲೆಯೂ ತೆರಬೇಕು. ಬಿಸಿಲು ಅದರ ಮೇಲೆ ಬಿದ್ದು ವಾಪಸ್ ಮುಖಕ್ಕೆ ಹೊಡೆದು ಎಲ್ಲರೂ ಕುಂಕುಮ ಬಳಿದ ಹಾಗೆ ಕಾಣುತ್ತಾರೆ. ಕ್ಯಾಮೆರಾದಲ್ಲಿ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. ಬಿಸಿಲಿನ ಗುರುತಿಗೆ ಇಟ್ಟು ಬಿಡಿ, ಆಮೇಲೆ ಎಲ್ಲಾ ಫೋಟೊ ಒಟ್ಟಿಗೆ ಸರಿಮಾಡಬಹುದು. ಮೈದಾನದಲ್ಲಿ ಲೆನ್ಸ್ ಬದಲಿಸಬೇಡಿ. ನಾನು ಒಂದೇ ಸಲ ಬದಲಿಸಿದೆ, ಸೆನ್ಸರ್ ತೊಳೆಸಲು 700 ಹೋಯಿತು. ಬಾಡಿಗೆ ಲೆನ್ಸಿನ ಝೂಮ್ ರಿಂಗಿನಲ್ಲಿ ಧೂಳು ಕೂತಿದೆ ಅಂತ ಅಂಗಡಿಯವರು 300 ಹಿಡಿದುಕೊಂಡರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಧೂಳು ಇತ್ತು.

ಹುಡುಗಿಯರ ಫೈನಲ್ ಐದೂಕಾಲಿಗೆ ಶುರುವಾಯಿತು. ಸೊಸೆಯ ತಂಡ ಆಡುತ್ತಿತ್ತು. ಅಷ್ಟೊತ್ತಿಗೆ ನನಗೊಂದು ಚಿಂತೆ ಹತ್ತಿತ್ತು. ಎರಡು ದಿನದಲ್ಲಿ ಆಕೆಯ ಮುಖ ಇರುವ ಆಟದ ಫೋಟೊ ಒಂದೂ ಇಲ್ಲ. ಕ್ಯಾಚರ್ ಅಲ್ವಾ, ಮಾಸ್ಕಿನ ಸರಳುಗಳ ಹಿಂದೆ ಕೂತುಬಿಡುತ್ತಾಳೆ. ಬ್ಯಾಟಿಂಗಿಗೆ ಬಂದರೆ ಹೆಲ್ಮೆಟ್ಟಿನ ನೆರಳು. ಅಕ್ಕನಿಗೆ ಏನು ತೋರಿಸಲಿ?

ನಾಲ್ಕನೇ ಇನ್ನಿಂಗ್ಸ್. ಬಾಲ್ ಬ್ಯಾಟಿನ ಮೇಲಂಚಿಗೆ ತಾಗಿ ನೆಟ್ಟಗೆ ಮೇಲೆ, ಹಿಂದಕ್ಕೆ ಹಾರಿತು. ಇಡೀ ಮೈದಾನ ಕತ್ತೆತ್ತಿತು. ನನ್ನ ಕ್ಯಾಮೆರಾವೂ ಏಳಬೇಕು ಅನ್ನುವಷ್ಟರಲ್ಲಿ ಬೇಸ್ ಕಾಯಿ ಅಂದದ್ದು ನೆನಪಾಯಿತು. ಹೋಮ್ ಪ್ಲೇಟಿನ ಮೇಲೇ ನಿಲ್ಲಿಸಿದೆ. ಆಕೆ ಎದ್ದು ಹಿಂದಕ್ಕೆ ತಿರುಗಿದಳು, ಅಂದರೆ ಪಶ್ಚಿಮಕ್ಕೆ, ಬಿಸಿಲಿಗೆ ಎದುರಾಗಿ. ಮಾಸ್ಕ್ ಕಿತ್ತು ಎಸೆದಳು. ಬಾಲ್ ಎಲ್ಲಿದೆ ಅಂತ ಕಂಡ ಮೇಲೆ ಕಾಲಿಗೆ ಸಿಕ್ಕಬಾರದು ಅಂತ ಕ್ಯಾಚರ್‌ಗಳು ಮಾಸ್ಕನ್ನು ದೂರ ಎಸೆಯುತ್ತಾರೆ. ಐದು ಫೋಟೊ ಸಿಕ್ಕವು. ಮೂರನೆಯದರಲ್ಲಿ ಮಾಸ್ಕ್ ಗಾಳಿಯಲ್ಲಿದೆ, ಕೂದಲು ಬೆವರಿಗೆ ಹಣೆಗೆ ಅಂಟಿದೆ, ಬಾಯಿ ತೆರೆದಿದೆ, ಎರಡೂ ಕಣ್ಣು ಮೇಲಿವೆ. ಬಾಲ್ ಹಿಡಿದಳೋ ಇಲ್ಲವೋ ನಾನು ನೋಡಲೇ ಇಲ್ಲ. ಕೂಗು ಕೇಳಿ ಹಿಡಿದಳು ಅಂತ ಗೊತ್ತಾಯಿತು. ಪಂದ್ಯ ಒಂದು ರನ್ನಿನಿಂದ ಸೋತರು.

ಆಟ ಮುಗಿಯಿತು. ನಿಜವಾದ ಪರದಾಟ ಶುರುವಾದದ್ದು ಸೋಮವಾರ.

ಒಟ್ಟು 4,510 ಫೋಟೊ. ಅದರಲ್ಲಿ ಇಟ್ಟುಕೊಂಡದ್ದು 412. ಆರಿಸಲು ಮೂರು ರಾತ್ರಿ. ಅದೂ ಪರವಾಗಿಲ್ಲ. ಯಾವ ಫೋಟೊ ಯಾರದು? ಹೆಲ್ಮೆಟ್ ತಂಡಕ್ಕೆ ನಾಲ್ಕೇ, ಎಲ್ಲರೂ ಅದನ್ನೇ ಹಾಕಿಕೊಂಡು ಆಡುತ್ತಾರೆ. ಜರ್ಸಿಯ ಕಥೆ ಇನ್ನೂ ವಿಚಿತ್ರ. ಒಂದು ತಂಡದಲ್ಲಿ 7ನೇ ನಂಬರಿನವರು ಇಬ್ಬರು. ಇನ್ನೊಂದು ತಂಡದವರು ಶನಿವಾರದ ಜರ್ಸಿ ಒದ್ದೆ ಇದೆ ಅಂತ ರವಿವಾರ ಒಬ್ಬರದ್ದೊಬ್ಬರು ಹಾಕಿಕೊಂಡಿದ್ದರು. ಸ್ಕೋರ್ ಬುಕ್ಕಿನ ಹೆಸರಿಗೂ ಬೆನ್ನಿನ ನಂಬರಿಗೂ ತಾಳಮೇಳ ಇಲ್ಲ. ಕೊನೆಗೆ ಶೂ ನೋಡಿ ಗುರುತು ಹಿಡಿದೆ. ಶೂ ಯಾರೂ ಬದಲಿಸಿಕೊಂಡಿರಲಿಲ್ಲ. ಮುಖ ಸಿಗದ 38 ಫೋಟೊಗಳನ್ನು ಕೋಚ್‌ಗಳಿಗೆ ಕಳಿಸಿ "ಇವರ್ಯಾರ್ರಿ?" ಅಂತ ಕೇಳುವುದರಲ್ಲೇ ಒಂದು ವಾರ ಹೋಯಿತು. ಬೆಳಗಿನ ಗ್ರೂಪ್ ಫೋಟೊ ಹೊಡೆದಿಟ್ಟಿದ್ದರೆ ಇದು ಒಂದು ಸಂಜೆಯ ಕೆಲಸ. ಇನ್ನೊಂದು ಉಪಾಯ. ಪ್ರತಿ ಪಂದ್ಯ ಶುರುವಾಗುವ ಮುಂಚೆ ಸ್ಕೋರ್ ಬುಕ್ಕಿನ ಪುಟದ ಒಂದು ಫೋಟೊ ಹೊಡೆದುಕೊಳ್ಳಿ. ಯಾವ ಫೋಟೊ ಯಾವ ಪಂದ್ಯದ್ದು ಅನ್ನುವ ಗೊಂದಲವೇ ಇರುವುದಿಲ್ಲ.

ಫೋಟೊ ಹಂಚಲು ಡ್ರೈವ್ ಲಿಂಕ್ ಸಾಕು ಅಂದುಕೊಂಡಿದ್ದೆ. ಕಮಿಟಿಯವರಿಗೆ ಎರಡು ಪೆನ್‌ಡ್ರೈವ್ ಬೇಕಂತೆ, 800 ರೂಪಾಯಿ. ಹಣಕ್ಕೆ ಬಿಲ್ಲು, ಪ್ಯಾನ್ ಝೆರಾಕ್ಸ್, ಪಾಸ್‌ಬುಕ್ ಝೆರಾಕ್ಸ್ ಕೇಳಿದರು. ಕೊಟ್ಟೆ. ರಸೀದಿ 5,000 ದಾಟಿದೆ, 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ ಮಾಡಿ ಅಂದರು. ಒಂದು ರೂಪಾಯಿ ಸ್ಟಾಂಪಿಗೆ ಎರಡು ಅಂಚೆ ಕಚೇರಿ ಸುತ್ತಿದೆ. ಈ ಕಾಗದಗಳನ್ನೆಲ್ಲ ಮೊದಲ ದಿನವೇ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ.

ಖರ್ಚಿನ ಲೆಕ್ಕ: ಲೆನ್ಸ್ 1,800, ಕಾರ್ಡ್ 1,100, ಸೆನ್ಸರ್ 700, ಲೆನ್ಸಿನ ಧೂಳು 300, ಪೆನ್‌ಡ್ರೈವ್ 800, ಬಸ್ಸು, ಚಹಾ, ಝೆರಾಕ್ಸ್ 250. ಒಟ್ಟು 4,950. ಉಳಿದದ್ದು 1,050. ಅದರಲ್ಲಿ ಅರ್ಧ ಕಿಲೋ ಫೇಡೆ ಲೈನ್ ಬಜಾರಿನಿಂದ ಅಕ್ಕನ ಮನೆಗೆ ಹೋಯಿತು.

ಫೇಡೆ ಕೊಡುವಾಗಲೇ ಮಾಸ್ಕ್ ಎಸೆಯುವ ಫೋಟೊ ತೋರಿಸಿದೆ. ಸೊಸೆ ಬಹಳ ಹೊತ್ತು ನೋಡಿ, ಏನೂ ಹೇಳದೆ ತನ್ನ ಫೋನಿಗೆ ಕಳಿಸಿಕೊಂಡಳು. ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಚಲೋ ಐತಿ. ಆದ್ರ ಬಾಲ್ ಎಲ್ಲೈತೋ ಇದರಾಗ?"